ಶಾಹ್‌ಮುರಾದನ ಹೆಂಡತಿ

ಖೊರ್ದಾದ್ ತಿಂಗಳು ೯, ಬುಧವಾರ

ಇವತ್ತು ನನ್ನನ್ನು ಹೆಣ್ಣು ಕೇಳಲು ಬಂದಿದ್ದರು. ಅರವತ್ತು ದಾಟಿದವಳನ್ನು, ಎರಡೂ ಮೊಣಕಾಲು ಹಿಡಿದುಕೊಂಡಿರುವವಳನ್ನು, ಬಾಯಲ್ಲಿ ಹಲ್ಲಿಗಿಂತ ಬೈಗುಳವೇ ಹೆಚ್ಚು ಉಳಿದಿರುವವಳನ್ನು. ವರ ಯಾರೆಂದರೆ ನೆಲದೊಳಗಿನ ಒಂದು ತೂತು.

ಸಭೆ ಹೇಗಿತ್ತೆಂದು ಬರೆದಿಡುತ್ತೇನೆ, ಮುಂದೆ ನಗು ಬೇಕಾದಾಗ ಓದಿಕೊಳ್ಳಲು. ನಡುವೆ ನನ್ನ ಮೈದುನ ಹಾಜಿ ಕರಾಮತ್, ಹೊಟ್ಟೆಯನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು. ಅವನ ಬಲಕ್ಕೆ ಊರಿನ ನೀರುಗಂಟಿ ಮಶ್ದಿ ಯದುಲ್ಲಾ, ಯಾರ ಕಣ್ಣಿಗೂ ಕಣ್ಣು ಕೊಡದ ಮನುಷ್ಯ. ಹಿಂದೆ ಚಹಾ ಕುಡಿಯಲೆಂದೇ ಬಂದ ಹಿರಿಯರ ಸಾಲು.

“ಅತ್ತಿಗೆ, ಈ ಸಲ ಬೆಟ್ಟದಲ್ಲಿ ಹಿಮಾನೇ ಬೀಳ್ಲಿಲ್ಲ, ನೀವೇ ನೋಡಿದ್ರಿ,” ಅಂದ ಕರಾಮತ್. “ಬಾದಾಮಿ ಎರಡು ತಿಂಗಳು ಮೊದ್ಲೇ ಹೂ ಬಿಟ್ಟು ಉದುರಿಹೋಯ್ತು. ರೇಡಿಯೋದಲ್ಲೂ ಹೇಳ್ತಾರೆ, ಲೋಕಾನೇ ಬಿಸಿಯಾಗ್ತಾ ಇದೆಯಂತೆ. ಶಾಹ್‌ಮುರಾದ್ ಸೊರಗ್ತಾ ಇದ್ದಾನೆ. ನಮ್ಮ ಕೈಲಿ ಏನಿದೆ ಹೇಳಿ.”

“ನಿನ್ನ ಕೈಲಿ ಒಂದು ಸ್ವಿಚ್ ಇದೆ ಕರಾಮತ್.”

ಹಿರಿಯರು ಚಹಾದ ಲೋಟದೊಳಗೆ ಇಣುಕಿದರು. ಬೆಟ್ಟದ ಬುಡದಿಂದ ನೆಲದಡಿಯಲ್ಲೇ ತೋಡಿ ತಂದ ನಮ್ಮೂರ ಸುರಂಗಕ್ಕೆ ಶಾಹ್‌ಮುರಾದ್ ಎಂದು ಹೆಸರು. ಊರಿಗೆ ಇರುವ ನೀರು ಅದೊಂದೇ. ಆ ಸುರಂಗದ ನೆತ್ತಿಯ ಮೇಲೆಯೇ ಕರಾಮತನ ಪಿಸ್ತಾ ತೋಟ. ತೋಟದ ನಡುವೆ ಕೊಳವೆಬಾವಿ. ವರ್ಷ ವರ್ಷ ಹಿಮ ಕಡಿಮೆಯಾಗುತ್ತದೆ, ವರ್ಷ ವರ್ಷ ಇವನ ಬಾವಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಸಿದ ಮನೆಯಲ್ಲಿ ದೊಡ್ಡ ತುತ್ತು ಎತ್ತುವವನೇ ‘ಬರಗಾಲ ಬಂತಪ್ಪ’ ಎಂದು ಹೆಚ್ಚು ನಿಟ್ಟುಸಿರು ಬಿಡುತ್ತಾನೆ.

ನಮ್ಮದು ಗಂಡು ಸುರಂಗ. ಗಂಡು ಸುರಂಗ ಸೊರಗಿದರೆ ಅದಕ್ಕೆ ವಿಧವೆಯೊಬ್ಬಳನ್ನು ಕೊಟ್ಟು ಮದುವೆ ಮಾಡಬೇಕು. ಅವಳು ಪ್ರತಿ ಮಂಗಳವಾರ ಅದರ ನೀರಿನಲ್ಲಿ ಮುಳುಗಿ ಏಳಬೇಕು, ಸಾಯುವ ತನಕ ಬೇರೆ ಗಂಡಸನ್ನು ಕಟ್ಟಿಕೊಳ್ಳಬಾರದು. ಬದಲಿಗೆ ಮನೆಮನೆಯ ಗೋಧಿ, ಮಂಗಳವಾರ ಬೆಳಗಿನ ನೀರಿನ ಪಾಳಿ ಅವಳದು. ಕೊನೆಯ ಹೆಂಡತಿ ನನ್ನ ಅಜ್ಜಿಯ ಕಾಲದಲ್ಲಿ ಸತ್ತಳು. ಅಂದಿನಿಂದ ತೂತು ವಿಧುರ.

“ಊರಲ್ಲಿ ವಿಧವೆಯರಿಗೇನು ಬರವೇ?” ಎಂದೆ.

ಯದುಲ್ಲಾ ಚಾಪೆಯ ಹುರಿ ಕೀಳುತ್ತ ಹೇಳಿದ: “ಇದ್ದಾರೆ ತೂರಾನ್ ಖಾನುಮ್. ಎಲ್ರಿಗೂ ಕತ್ತಲೆ ನೀರು ಅಂದ್ರೆ ಭಯ. ನಿಮಗೆ ಯಾವುದಕ್ಕೂ ಭಯ ಇಲ್ಲ ಅಂತ ಹಾಜಿ ಅಂದ್ರು.”

ಹಾಜಿ ಅಂದನಂತೆ. ಹಾಜಿಯ ಪಿಕಪ್ ನನ್ನ ಮನೆ ಮುಂದೆ ಹೋದಾಗಲೆಲ್ಲ ನಾನು ಮಾಳಿಗೆ ಹತ್ತಿ ‘ನೀರುಗಳ್ಳ’ ಎಂದು ಕೂಗುತ್ತೇನೆ. ಮದುಮಗಳು ಮೆಲ್ಲಗೆ ಮಾತಾಡಬೇಕು, ತಲೆ ತಗ್ಗಿಸಬೇಕು. ನನ್ನ ಬಾಯಿಗೆ ಬೀಗ ಸಿಗದೆ ನನಗೊಬ್ಬ ಗಂಡನನ್ನು ಹುಡುಕಿ ತಂದಿದ್ದಾನೆ.

ಖೊರ್ದಾದ್ ೧೦, ಗುರುವಾರ

ಒಪ್ಪಿಕೊಂಡೆ.

ಗೋಧಿಗಾಗಿ. ಮಂಗಳವಾರದ ನೀರಿಗಾಗಿ. ನನ್ನ ದಾಳಿಂಬೆ ಗಿಡಗಳು ಹೋದ ವರ್ಷವೇ ಕಾಯಿ ಬಿಡುವುದನ್ನು ನಿಲ್ಲಿಸಿವೆ. ನನ್ನ ಗಂಡ ನಜಫ್, ದೇವರು ಅವನಿಗೆ ತಕ್ಕ ಜಾಗವನ್ನೇ ಕೊಟ್ಟಿರಲಿ, ನಮ್ಮ ನೀರಿನ ಪಾಲನ್ನೆಲ್ಲ ತಮ್ಮ ಕರಾಮತನಿಗೆ ಮಾರಿ ಒಂದು ಮೋಟರ್‌ಸೈಕಲ್ ತಂದ. ಆ ಮೋಟರ್‌ಸೈಕಲ್ಲು ಅವನನ್ನು ಕೂರಿಸಿಕೊಂಡು ನೆಟ್ಟಗೆ ಸ್ಮಶಾನಕ್ಕೆ ಹೋಯಿತು.

ಇನ್ನೊಂದು ಕಾರಣವೂ ಇದೆ, ಇಲ್ಲಿ ಮಾತ್ರ ಬರೆಯಬಹುದು. ಮೊಹರಮ್ ನಾಟಕದಲ್ಲಿ ನನ್ನ ಅಪ್ಪ, ಇಮಾಮರ ಬಾಯಾರಿದ ಮಕ್ಕಳಿಗೆ ನದಿಯ ನೀರು ತಡೆಯುವ ಸೇನಾಪತಿ. ನಮ್ಮ ನಾಟಕದಲ್ಲಿ ಹಸಿರು ತೊಟ್ಟ ಒಳ್ಳೆಯವರು ಹಾಡುತ್ತಾರೆ. ಕೆಂಪು ತೊಟ್ಟ ಕೆಟ್ಟವರಿಗೆ ರಾಗವಿಲ್ಲ, ಗರ್ಜನೆ ಮಾತ್ರ. ಅಪ್ಪ ಗರ್ಜಿಸಿದರೆ ಕೊಟ್ಟಿಗೆಯ ಕತ್ತೆ ಹಗ್ಗ ಕಿತ್ತುಕೊಳ್ಳುತ್ತಿತ್ತು, ಮುದುಕಿಯರು ಚಪ್ಪಲಿ ಎಸೆಯುತ್ತಿದ್ದರು. ಆ ಗಂಟಲು ಬಂದದ್ದು ಅಣ್ಣಂದಿರಿಗಲ್ಲ, ನನಗೆ. ಆದರೆ ಹೆಂಗಸಿನ ಪಾತ್ರಕ್ಕೂ ಗಂಡಸರೇ ಮುಸುಕು ಹಾಕಿ ನಿಲ್ಲುವ ನಾಟಕ ಅದು. ನಾನು ಒಂದು ಆಯುಷ್ಯ ಪೂರ್ತಿ ಅವರ ಅಂಗಿ ಹೊಲಿದೆ. ಈಗ ಮೊದಲ ಸಲ ನನಗೊಂದು ಪಾತ್ರ ಬಂದಿದೆ. ಮಾತಿಲ್ಲದ ಪಾತ್ರ, ಜೊತೆಯ ನಟ ಒಂದು ತೂತು. ಇರಲಿ. ಪಾತ್ರ ಪಾತ್ರವೇ.

ಖೊರ್ದಾದ್ ೧೮, ಶುಕ್ರವಾರ

ಮದುವೆ ಆಯಿತು. ಮುಲ್ಲಾ ಬರಲಿಲ್ಲ, ಅವನಿಗೆ ಹಲ್ಲುನೋವಂತೆ. ಇಂಥ ಮದುವೆ ಓದಿಸಿದರೆ ಮೇಲಿನವರು ಬಯ್ಯುತ್ತಾರೆ, ಓದಿಸದಿದ್ದರೆ ಊರು ಬಯ್ಯುತ್ತದೆ. ಇಂಥ ಹೊತ್ತಿನಲ್ಲಿ ಹಲ್ಲಿಗಿಂತ ಒಳ್ಳೆಯ ನೆಂಟ ಬೇರೆ ಇಲ್ಲ. ಯದುಲ್ಲಾನೇ ಓದಿಸಿದ.

ಡೋಲು ಬಂತು, ಶಹನಾಯಿ ಬಂತು. ಹೆಂಗಸರು ಸುರಂಗದ ಬಾಯಿಯ ಮುಂದೆ ನನ್ನನ್ನು ಕೂರಿಸಿ, ನೆತ್ತಿಯ ಮೇಲೆ ಬಟ್ಟೆ ಹಿಡಿದು, ಸಕ್ಕರೆ ಗಟ್ಟಿ ಎರಡನ್ನು ಉಜ್ಜಿದರು. ಅರ್ಧ ಸಕ್ಕರೆ ನನ್ನ ಕತ್ತಿನೊಳಗೆ ಇಳಿಯಿತು. ಇನ್ನೂ ಇರುವೆ ಹತ್ತುತ್ತಿದೆ. ಯದುಲ್ಲಾ ಒಮ್ಮೆ ಕೇಳಿದ, ಒಪ್ಪಿಗೆಯೇ? ‘ಮದುಮಗಳು ಹೂ ಕೊಯ್ಯಲು ಹೋಗಿದ್ದಾಳೆ’ ಎಂದು ಹೆಂಗಸರು ಪದ್ಧತಿಯಂತೆ ಕೂಗಿದರು. ಈ ಬಿಸಿಲಿಗೆ ಯಾವ ಹೂವೋ. ಮೂರನೆಯ ಸಲಕ್ಕೆ ನಾನು ‘ಹೂಂ’ ಅಂದೆ. ಮೆಲ್ಲಗೆ ಅನ್ನಬೇಕೆಂದು ಪಕ್ಕದ ಮನೆಯ ಬತೂಲ್ ಚಿವುಟಿ ಹೇಳಿದ್ದಳು. ಆದರೂ ಡೋಲಿನವನ ಕೈಯಿಂದ ಕೋಲು ಜಾರಿತು.

ವರನ ಪರವಾಗಿ ‘ಒಪ್ಪಿದೆ’ ಅನ್ನಲು ಯಾರಾದರೂ ಬೇಕಲ್ಲ. ಹಾಜಿ ಕರಾಮತ್ ಎದ್ದು ನಿಂತ. ಎದೆಯ ಮೇಲೆ ಕೈ, ಕಣ್ಣಂಚಿನಲ್ಲಿ ನೀರು. ಆ ಕಣ್ಣೀರಿಗೂ ಅವನ ಬಾವಿಯಿಂದಲೇ ಪೈಪು ಹಾಕಿರಬೇಕು. ಕುತ್ತಿಗೆ ಹಿಸುಕುವವನೇ ರೋಗಿಯ ಪರವಾಗಿ ‘ನಾನು ಚೆನ್ನಾಗಿದ್ದೇನೆ’ ಎಂದು ಹೇಳುವುದನ್ನು ನಾನು ನಾಟಕದಲ್ಲೂ ಕಂಡಿರಲಿಲ್ಲ. ಊಟ ಅವನದೇ. ಕುರಿ ಮಾಂಸ, ಕೇಸರಿ ಅನ್ನ. ಊರೆಲ್ಲ ಅವನ ಹೆಸರು ಹೇಳಿ ಕೈ ತೊಳೆದುಕೊಂಡಿತು.

ಖೊರ್ದಾದ್ ೨೨, ಮಂಗಳವಾರ

ಮೊದಲ ಭೇಟಿ. ಗಂಡಸರೆಲ್ಲ ದೂರ ಸರಿದ ಮೇಲೆ ಒಳ‌ಅಂಗಿಯಲ್ಲಿ ಮೆಟ್ಟಿಲು ಇಳಿದು ಬಗ್ಗಿಕೊಂಡು ಒಳಹೊಕ್ಕೆ. ವರ ನನ್ನ ಹಿಮ್ಮಡಿ ಮುಚ್ಚುವಷ್ಟೂ ಇಲ್ಲ. ಮುಳುಗಬೇಕಂತೆ. ಎಲ್ಲಿ ಮುಳುಗಲಿ? ಎಮ್ಮೆಯ ಹಾಗೆ ಮಲಗಿ ಮೊದಲು ಬೆನ್ನು ನೆನೆಸಿದೆ, ಆಮೇಲೆ ಹೊಟ್ಟೆ. ಆ ಚಳಿಗೆ ಮೂಳೆಯೊಳಗಿನ ಮಜ್ಜೆಯೂ ಕೂಗಿಕೊಂಡಿತು. ಬಿಳಿಚಿಕೊಂಡ ಪುಟ್ಟ ಮೀನುಗಳು ಬಂದು ಕಾಲ್ಬೆರಳು ಕಚ್ಚಿ ನೋಡಿ, ತಿನ್ನಲಾರದ ಮಾಲು ಎಂದು ಹೊರಟುಹೋದವು.

ಸಿಟ್ಟಿಗೆ ಬೈದೆ. ಕರಾಮತನಿಂದ ಶುರು ಮಾಡಿ, ಮುಲ್ಲಾನ ಹಲ್ಲು ಹಿಡಿದು, ನಜಫನ ಗೋರಿಯವರೆಗೆ. ಸುರಂಗ ಅಷ್ಟನ್ನೂ ಒಳಗೆ ಎಳೆದುಕೊಂಡಿತು, ಒಂದು ಉಸಿರು ಸುಮ್ಮನಿದ್ದು ಎರಡರಷ್ಟು ದನಿಯಲ್ಲಿ ತಿರುಗಿ ಕೊಟ್ಟಿತು. ಅಪ್ಪ ಗರ್ಜಿಸಿದ ಹಾಗೆ. ಮೈ ಜುಮ್ಮೆಂದಿತು, ಚಳಿಗೆ ಇರಬೇಕು.

ಒಂದು ಮಾತು ಒಪ್ಪಲೇಬೇಕು. ನಜಫ್ ಬದುಕಿದ್ದಷ್ಟು ದಿನ ಒಮ್ಮೆಯೂ ನನಗೆ ತಿರುಗಿ ಉತ್ತರ ಕೊಟ್ಟವನಲ್ಲ.

ತೀರ್ ತಿಂಗಳು ೫, ಮಂಗಳವಾರ

ನೀರು ಏರಿದೆ. ಮೀನಖಂಡದವರೆಗೆ.

ಊರಿಗೆ ಹುಚ್ಚು ಹಿಡಿದಿದೆ. ಮೊನ್ನೆ ಒಬ್ಬಳು ತನ್ನ ಬಂಜೆ ಸೊಸೆಯನ್ನು ಕರೆತಂದು ನನ್ನ ಒದ್ದೆ ಬಟ್ಟೆ ಮುಟ್ಟಿಸಿಕೊಂಡು ಹೋದಳು. ಅಂಗಡಿಯವನು ಚಹಾಪುಡಿಗೆ ಕಾಸು ಬೇಡವೆಂದ. ನಾನು ಹಾಗೆ ಎತ್ತಿಕೊಂಡು ಹೋಗುತ್ತಿದ್ದಾಗ ಮುಖ ಸಪ್ಪಗೆ ಮಾಡಿದ, ಅದು ಬೇರೆ ವಿಚಾರ. ಕರಾಮತ್ ಹೋದ ಹೋದಲ್ಲಿ ‘ಮದುವೆ ಮಾಡ್ಸಿದ್ದು ನಾನು’ ಎನ್ನುತ್ತಿದ್ದಾನೆ.

ಬತೂಲ್ ಸಂಜೆ ಬಂದು ದನಿ ತಗ್ಗಿಸಿ ಕೇಳಿದಳು: “ಅಕ್ಕ, ನಿಜ ಹೇಳು. ಒಳಗೆ ಏನು ಮಾಡ್ತೀಯ?”

“ಬೈತೀನಿ.”

“ಬರೀ ಬೈತೀಯಾ?”

“ಉಸಿರು ಕಟ್ಟೋವರೆಗೂ ಬೈತೀನಿ.”

ಬತೂಲ್ ಎದ್ದು ಚಪ್ಪಲಿ ಹುಡುಕಿದಳು. “ನಮ್ಮನೇಲಿ ನಾನೇ ಮೆತ್ತಗಾದೆ ಅನ್ಸುತ್ತೆ,” ಅಂದಳು.

ಊರು ಮೂರ್ಖರ ಸಂತೆ. ನಾನು ಮೂರ್ಖಳಲ್ಲ. ಬೈದರೆ ನೀರು ಏರುವುದಿಲ್ಲವೆಂದು ನನಗೆ ಗೊತ್ತು. ಆದರೂ ಇವತ್ತು ಅದಕ್ಕೆ ಒಂದು ಮಾತು ಹೇಳಿ ಬಂದೆ, ‘ಪರವಾಗಿಲ್ಲ, ಮರ್ಯಾದೆ ಉಳಿಸಿದೆ’ ಎಂದು. ಹೇಳಿದರೆ ಗಂಟೇನು ಹೋಗುತ್ತದೆ?

ತೀರ್ ೧೧, ಸೋಮವಾರ

ಕರಾಮತನ ಪಂಪಿನ ಮೋಟಾರು ಸುಟ್ಟುಹೋಗಿತ್ತಂತೆ. ಮದುವೆಯ ಮಾರನೆಯ ದಿನವೇ. ವೈಂಡಿಂಗ್ ಮಾಡಿಸಲು ಶಹರಕ್ಕೆ ಕಳಿಸಿದ್ದರು, ಮೊನ್ನೆ ತಂದು ಕೂರಿಸಿದರಂತೆ. ಅವನ ತೋಟದಲ್ಲಿ ದುಡಿಯುವ ಒಬ್ಬಳು ಬಾಯಿ ತಪ್ಪಿ ಹೇಳಿಬಿಟ್ಟಳು.

ನನ್ನ ದಾಂಪತ್ಯದ ಪವಾಡ ಇಷ್ಟೇ, ಸುಟ್ಟ ತಾಮ್ರದ ತಂತಿ. ಮೂರು ವಾರ ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಹೂವಿನ ಹಾರಕ್ಕೆ ಕತ್ತು ಕೊಟ್ಟುಕೊಂಡು ನಿಂತಿದ್ದ.

ತೀರ್ ೧೯, ಮಂಗಳವಾರ

ಮತ್ತೆ ಹಿಮ್ಮಡಿಗೆ ಇಳಿದಿದೆ.

ಊರಿನ ಹುಚ್ಚು ಈಗ ಮಗ್ಗುಲು ಬದಲಿಸಿದೆ. ತೂರಾನ್ ಕೋಪದಲ್ಲಿ ಮುಳುಗುತ್ತಾಳಂತೆ, ತೂರಾನ್ ಯದುಲ್ಲಾನ ಜೊತೆ ನಕ್ಕು ಮಾತಾಡಿದಳಂತೆ. ಆ ಯದುಲ್ಲಾನ ಜೊತೆ. ನಗಲು ಒಂದು ಮುಖ ಬೇಡವೇ? ಮೋಟಾರಿನ ವಿಷಯ ನಾನು ಅಂಗಡಿಯ ಮುಂದೆ ನಿಂತು ಹೇಳಿದೆ. ಎಲ್ಲರೂ ಕೇಳಿಸಿಕೊಂಡರು, ಯಾರಿಗೂ ಕೇಳಿಸಲಿಲ್ಲ. ಮನೆಗೊಬ್ಬರಾದರೂ ಕರಾಮತನ ಕೂಲಿ ತಿನ್ನುತ್ತಾರೆ. ಆ ಅನ್ನ ಕಿವಿಯವರೆಗೂ ತುಂಬಿಕೊಂಡಿದೆ.

ಸುರಂಗದ ಬಾಯಿಯ ಹತ್ತಿರ ಹೂಳು ಕಟ್ಟಿತ್ತು, ಬಾಟಲಿ, ಪ್ಲಾಸ್ಟಿಕ್ಕು, ಯಾರದೋ ಒಂಟಿ ಚಪ್ಪಲಿ. ಎತ್ತಿ ಹಾಕಿದೆ. ಕೈ ಸುಮ್ಮನಿರುವುದಿಲ್ಲ, ಅಷ್ಟೆ. ಬಲಗಡೆ ಗೋಡೆಯಲ್ಲಿ ಒಂದು ಕಲ್ಲು ಸಡಿಲವಾಗಿ ಅವನ ದಾರಿಗೆ ಅಡ್ಡ ಬಿದ್ದಿತ್ತು, ಅದನ್ನೂ ಸರಿಸಿದೆ. ಸೊಂಟ ಹಿಡಿದಿದೆ. ಇವತ್ತು ಬೈಯಲಿಲ್ಲ. ಇಷ್ಟು ಸೊರಗಿದವನನ್ನು ಬೈದು ಏನು ಸುಖ?

ಮಂಗಳವಾರದ ಪಾಳಿಯ ನೀರು ಗಿಡದ ಬುಡ ಮುಟ್ಟುವ ಮೊದಲೇ ಇಂಗಿಹೋಯಿತು. ಎರಡು ದಾಳಿಂಬೆ ಗಿಡ ಒಣಗಿವೆ. ಅದನ್ನು ಬರೆಯಬೇಕೆಂದೇ ಕೂತಿದ್ದೆ, ಕೊನೆಗೆ ನೆನಪಾಯಿತು.

ತೀರ್ ೨೭, ಬುಧವಾರ

ಕರಾಮತನ ಹೊಸ ನಾಟಕ. ಮೊದಲ ಹೆಂಡತಿ ಮುದುಕಿ, ಕೈಲಾಗದವಳು. ಶಾಹ್‌ಮುರಾದನಿಗೆ ಎಳೆಯ ಹೆಂಡತಿ ತರಬೇಕಂತೆ. ಯಾರು? ಬತೂಲಳ ಮಗಳು ಗೊಲಂದಾಮ್. ಗಂಡ ಲಾರಿ ಅಪಘಾತದಲ್ಲಿ ಸತ್ತು ಎರಡು ವರ್ಷವಾಗಿದೆ, ಹುಡುಗಿಗೆ ಇನ್ನೂ ಮೂವತ್ತೂ ಆಗಿಲ್ಲ. ಬತೂಲಳ ಗಂಡ ಕರಾಮತನ ತೋಟದ ಕಾವಲುಗಾರ. ಅವನು ಹೂಂ ಎಂದಾಯಿತು.

ಗೊಲಂದಾಮ್ ಕಂಬಳಿ ಮಗ್ಗದಿಂದ ಎದ್ದು ಬಂದಿದ್ದಳು, ಬೆರಳಿಗೆಲ್ಲ ಕೆಂಪು ಉಣ್ಣೆಯ ಎಳೆ.

“ದೊಡ್ಡಮ್ಮ, ನಂಗೆ ಬೇಡ,” ಅಂದಳು. “ಶಹರದಲ್ಲಿ ಒಬ್ರಿದ್ದಾರೆ. ಬಸ್ ಓಡಿಸ್ತಾರೆ. ಮಾತಾಗಿದೆ.”

“ನಿಮ್ಮಪ್ಪಂಗೆ ಹೇಳಿದ್ಯಾ?”

“ಹೇಳಿದೆ. ಬಸ್ ನಿಂತ್ರೆ ನಿಲ್ಲಲಿ, ನೀರು ನಿಲ್ಲಬಾರ್ದು ಅಂದ್ರು.”

ಒಮ್ಮೆ ಸುರಂಗಕ್ಕೆ ಕೊಟ್ಟರೆ ಅವಳ ಕಥೆ ಮುಗಿಯಿತು. ಬಸ್ಸೂ ಇಲ್ಲ, ಮಗುವೂ ಇಲ್ಲ, ಸಾಯುವ ತನಕ ಮಂಗಳವಾರ. ನನಗೆ ಬೇರೇನೂ ಇಲ್ಲ, ಆ ಹುಡುಗಿಯ ಬದುಕಿನದೇ ಚಿಂತೆ. ಆದರೆ ಅವಳಿಗೆ ತಾನೇ ಏನು ಗೊತ್ತು? ಅವರು ಬಲಗೋಡೆಯ ಕಡೆ ಹರಿಯುವಾಗ ಬೇರೆ ದನಿ, ಎಡಕ್ಕೆ ಬೇರೆ ದನಿ. ಮೊದಲು ಕೈ ಅದ್ದಬೇಕು, ಆಮೇಲೆ ಕಾಲು. ಧಡಕ್ಕನೆ ಇಳಿದರೆ ಹೂಳೆದ್ದು ಅರ್ಧ ದಿನ ಮಂಕಾಗಿಬಿಡುತ್ತಾರೆ. ಮೀನುಗಳು ಹೊಸಬರ ಹತ್ತಿರ ಸುಳಿಯುವುದಿಲ್ಲ. ಇದನ್ನೆಲ್ಲ ಅವಳಿಗೆ ಯಾರು ಹೇಳಿಕೊಡುತ್ತಾರೆ? ನಾನಂತೂ ಹೇಳಿಕೊಡುವುದಿಲ್ಲ.

ಮೊರ್ದಾದ್ ೫, ಶುಕ್ರವಾರ

ಇದನ್ನು ವಿವರವಾಗಿ ಬರೆಯಬೇಕು.

ಅದೇ ಡೋಲು, ಅದೇ ಶಹನಾಯಿ, ಕುರಿ ಮಾತ್ರ ಬೇರೆ. ಸುರಂಗದ ಬಾಯಿಯ ಮುಂದೆ ಗೊಲಂದಾಮ್ ಕೂತಿದ್ದಳು, ನೆತ್ತಿಯ ಮೇಲೆ ಬಟ್ಟೆ. ಯದುಲ್ಲಾ ಕೇಳಿದ, ಒಪ್ಪಿಗೆಯೇ? ‘ಮದುಮಗಳು ಹೂ ಕೊಯ್ಯಲು ಹೋಗಿದ್ದಾಳೆ’ ಎಂದರು ಹೆಂಗಸರು. ಎರಡನೆಯ ಸಲ ಕೇಳಿದ. ಬಟ್ಟೆಯ ಕೆಳಗಿನಿಂದ ಗೊಲಂದಾಮಳೇ ಹೇಳಿದಳು, “ಹೂ ಸಿಕ್ತಾ ಇಲ್ಲ. ಇನ್ನೂ ಹುಡುಕ್ತಾ ಇದ್ದಾಳೆ.” ಹೆಂಗಸರು ಕಿಸಕ್ಕೆಂದರು. ಆಗ ನಾನು ಎದ್ದೆ.

“ಮಶ್ದಿ ಯದುಲ್ಲಾ, ಮೂರನೇ ಸಲ ಕೇಳೋಕ್ಕೆ ಮೊದ್ಲು ನನ್ನ ಒಂದು ಮಾತು ಕೇಳು. ಮೊದಲ ಹೆಂಡ್ತಿ ಬದುಕಿರೋವಾಗ ಎರಡನೆಯವಳನ್ನ ತರೋಕೆ ಯಾರ ಒಪ್ಪಿಗೆ ಬೇಕು?”

ಯದುಲ್ಲಾ ನೆಲ ನೋಡಿದ. ಡೋಲಿನವನು ಉತ್ತರ ಕೊಟ್ಟುಬಿಟ್ಟ, “ಮೊದಲನೆಯವಳದ್ದು.” ಅವನ ಮನೆಯಲ್ಲಿ ಆ ರಗಳೆ ಆಗಿಹೋಗಿದೆ, ಅವನಿಗೆ ಕಾನೂನು ಬಾಯಿಪಾಠ.

ಕರಾಮತ್ ನಕ್ಕ. “ಅತ್ತಿಗೆ, ಅದು ಮನುಷ್ಯರ ಕಾನೂನು. ಇದು ಸುರಂಗ.”

“ಹಾಗಾದ್ರೆ ನನ್ನನ್ನ ಯಾರಿಗೆ ಮದುವೆ ಮಾಡ್ಕೊಟ್ರಿ? ಗಂಡ ಅಲ್ಲ ಅಂದ್ರೆ ನನ್ನದೂ ಮದುವೆ ಅಲ್ಲ, ಇವತ್ತಿನದೂ ಮದುವೆ ಅಲ್ಲ. ಕುರಿ ಬಿಚ್ಚಿ ಮನೆಗೆ ಕಳ್ಸಿ. ಗಂಡ ಅಂದ್ರೆ ನಾನು ಹೆಂಡ್ತಿ. ನನ್ನ ಒಪ್ಪಿಗೆ ಕೇಳು. ನೀನೇ ತಾನೇ ಎದೆ ಮೇಲೆ ಕೈ ಇಟ್ಕೊಂಡು ಅವರ ಪರವಾಗಿ ಒಪ್ಪಿದೆ ಅಂದವನು?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಒಬ್ಬ ನಕ್ಕರೆ ಊರು ನಗುತ್ತದೆ. ಕರಾಮತನ ಕಿವಿ ದಾಳಿಂಬೆ ಬಣ್ಣಕ್ಕೆ ತಿರುಗಿತು.

“ಸರಿ. ಒಪ್ಪಿಗೆ ಕೊಡ್ತೀರಾ, ಇಲ್ವಾ?”

“ಕೊಡ್ತೀನಿ. ಆದ್ರೆ ದೋಷ ನನ್ನದೋ ಅಲ್ವೋ ಅಂತ ಮೊದ್ಲು ಗೊತ್ತಾಗ್ಲಿ. ಏಳು ದಿನ ನಿನ್ನ ಪಂಪು ನಿಲ್ಸು. ನೀರು ಏರದಿದ್ರೆ ನಾನೇ ಕೆಟ್ಟ ಹೆಂಡ್ತಿ. ಈ ಹುಡುಗಿ ಮುಂದೆ ಕನ್ನಡಿ ಹಿಡ್ಕೊಂಡು ನಾನೇ ನಡೀತೀನಿ.”

“ಏಳು ದಿನಾನಾ? ಈಗ ಪಿಸ್ತಾ ಕಾಳು ಕಟ್ಟೋ ಹೊತ್ತು ಅತ್ತಿಗೆ. ಈಗ ನೀರು ತಪ್ಪಿದ್ರೆ ಬರೀ ಸಿಪ್ಪೆ ಉಳಿಯುತ್ತೆ.”

“ನೀನು ಕುಡಿಯೋದು ಹನಿ ನೀರು, ಎಲ್ಲಾ ಆಕಾಶದ ತಪ್ಪು ಅಂತ ರೇಡಿಯೋ ಹೇಳ್ತಂತಲ್ಲ. ಹನಿ ನಿಂತ್ರೆ ಇಷ್ಟು ದೊಡ್ಡ ತೋಟ ಸಾಯುತ್ತಾ?”

ಹೀಗೆ ಕೇಳುವಾಗ ಬೇಕೆಂದು ಗರ್ಜಿಸಲಿಲ್ಲ. ನನ್ನ ಬೆನ್ನ ಹಿಂದೆ ಸುರಂಗದ ಬಾಯಿ ಇತ್ತು. ಮಾತನ್ನು ಅವರು ಎತ್ತಿಕೊಂಡು ದೊಡ್ಡದು ಮಾಡಿ ಕೊಟ್ಟರು. ಮೊಹರಮ್ಮಿನಲ್ಲಿ ನೀರು ತಡೆಯುವ ದೃಶ್ಯಕ್ಕೆ ಎಲ್ಲರಿಗಿಂತ ಮುಂದೆ ಕೂತು ಎಲ್ಲರಿಗಿಂತ ಜೋರಾಗಿ ಅಳುವವನು ಕರಾಮತ್. ಅದು ಆ ಹೊತ್ತಿಗೆ ಎಲ್ಲರಿಗೂ ನೆನಪಾಯಿತೆಂದು ಕಾಣುತ್ತದೆ, ಯಾಕೆಂದರೆ ಎಲ್ಲರೂ ಅವನ ಮುಖವನ್ನೇ ನೋಡಿದರು. ಬೇರೆ ದಾರಿ ಇರಲಿಲ್ಲ ಅವನಿಗೆ.

“ಏಳು ದಿನ,” ಅಂದ. “ಒಂದು ಗಳಿಗೆ ಹೆಚ್ಚಿಲ್ಲ.”

ಗೊಲಂದಾಮ್ ತಾನೇ ಬಟ್ಟೆ ಸರಿಸಿ ಎದ್ದು, ನೆತ್ತಿಯ ಸಕ್ಕರೆ ಕೊಡವಿಕೊಂಡು ಮನೆಗೆ ನಡೆದಳು. ಕುರಿ ಬದುಕಿತು.

ಮೊರ್ದಾದ್ ೯, ಮಂಗಳವಾರ

ಮೊಣಕಾಲು ಮುಟ್ಟಿದ್ದಾರೆ.

ಬೇರೆ ಏನನ್ನೂ ಬರೆಯುವ ಮನಸ್ಸಿಲ್ಲ.

ಮೊರ್ದಾದ್ ೧೩, ಶನಿವಾರ

ತೀರ್ಪು ಬಂತು. ಕೇಳಿ ಬಿದ್ದು ಬಿದ್ದು ನಗಬೇಕು, ನನಗೆ ಬರುತ್ತಿಲ್ಲ.

ನೀರು ಏರಿದ್ದನ್ನು ಇಡೀ ಊರು ಬಂದು ಕಣ್ಣಾರೆ ನೋಡಿತು. ನೋಡಿ ಏನು ಹೇಳಿತು? ಅಂಗಡಿಯವನ ಬಾಯಲ್ಲೇ ಕೇಳಿದೆ: “ಸವತಿ ಬರ್ತಾಳೆ ಅಂದ ಕೂಡ್ಲೇ ಮುದುಕಿ ದಾರಿಗೆ ಬಂದ್ಲು ನೋಡು. ಹೆಂಗಸ್ರಿಗೆ ಭಯ ಇರ್ಬೇಕಪ್ಪ.” ಎಲ್ಲರೂ ತಲೆದೂಗಿದರು. ಬತೂಲ್ ಕೂಡ. ಕಣ್ಣ ಮುಂದೆ ಪಂಪು ನಿಂತಿತು, ನೀರು ಬಂತು. ಇವರ ತಲೆಯಲ್ಲಿ ಆ ಎರಡರ ನಡುವೆ ಒಂದು ಗೋಡೆ ಇದೆ, ಗೋಡೆಯ ಮೇಲೆ ಕರಾಮತ್ ಕೂತು ಕೂಲಿ ಹಂಚುತ್ತಿದ್ದಾನೆ.

ಅವನು ಸಕ್ಕರೆ ಮಿಠಾಯಿ ಹಂಚಿದ, ನನ್ನ ಮನೆಗೂ ತಂದ. “ಅತ್ತಿಗೆ, ಗೆದ್ರಿ ಬಿಡಿ. ಇನ್ನು ಸವತಿ ಮಾತಿಲ್ಲ. ನೀವಿಬ್ರೂ ಸುಖವಾಗಿರಿ.” ಮಿಠಾಯಿ ಜಗುಲಿಯ ಮೇಲಿಟ್ಟು ಹೋಗಿ ಪಂಪು ಹಾಕಿದ. ಮಿಠಾಯಿಯನ್ನು ಕೋಳಿಗೆ ಹಾಕಿದೆ.

ಸಂಜೆ ಯದುಲ್ಲಾನನ್ನು ದಾರಿಯಲ್ಲಿ ಅಡ್ಡಗಟ್ಟಿದೆ. “ನೀನು ನೀರುಗಂಟಿ. ನಿನಗೂ ಗೊತ್ತಿಲ್ವಾ?”

“ಗೊತ್ತು ತೂರಾನ್ ಖಾನುಮ್. ಮಕ್ಕಳಿಬ್ರೂ ಅವನ ತೋಟದಲ್ಲೇ ಇದ್ದಾರೆ.”

“ಹಾಗಂತ ಅವರನ್ನ ಬತ್ತಿ ಸಾಯೋಕೆ ಬಿಡ್ತೀಯಾ?”

ಅವನು ಆಚೀಚೆ ನೋಡಿ ಹೇಳಿದ: “ಶಹರದ ನೀರಿನ ಕಚೇರಿಗೆ ದೂರು ಕೊಟ್ರೆ ಬಂದು ಬಾವಿ ಆಳ ಅಳೀತಾರೆ. ಸುರಂಗಕ್ಕೆ ಇಷ್ಟು ಹತ್ರ ಅಷ್ಟು ಆಳ ಹೋಗೋ ಹಾಗಿಲ್ಲ. ಆದ್ರೆ ನೀರಿನ ಪಾಲು ಇರೋರೇ ಕೊಡ್ಬೇಕು. ಪಾಲು ಇರೋರು ಯಾರೂ ಕೊಡಲ್ಲ.” ಒಂದು ಹೆಜ್ಜೆ ಹೋಗಿ ತಿರುಗಿ, “ನಾನು ಹೇಳ್ದೆ ಅನ್ಬೇಡಿ,” ಅಂದ.

ಮೊರ್ದಾದ್ ೨೧, ಭಾನುವಾರ

ಮುಂಜಾನೆಯ ಬಸ್ಸಿಗೆ ಶಹರಕ್ಕೆ ಹೋದೆ. ಓಡಿಸುತ್ತಿದ್ದವನು ಗೊಲಂದಾಮಳ ಬಸ್ಸಿನವನೇ ಇರಬೇಕು. ಟಿಕೆಟ್ಟು ಬೇಡವೆಂದ, ಕಿವಿ ಕೆಂಪಾಗಿತ್ತು. ಕಚೇರಿಯಲ್ಲಿ ನಲ್ಲಿ ಸೋರುತ್ತಿತ್ತು. ನೀರಿನ ಕಚೇರಿಯ ನಲ್ಲಿ. ನಿಲ್ಲಿಸಿ ಬಂದೆ.

ಮೇಜಿನ ಹಿಂದೆ ಒಬ್ಬ ಎಳೆಯ ಅಧಿಕಾರಿ. ನನ್ನ ಮಾತನ್ನು ಪೂರ್ತಿ ಕೇಳಿದ. ಗಡ್ಡ ಕೆರೆದುಕೊಂ‍ಡು ಕೇಳಿದ: “ತಾಯಿ, ಆ ಸುರಂಗದಲ್ಲಿ ನಿಮಗೆ ಪಾಲು ಇದೆಯಾ?”

“ಇಲ್ಲ. ಸತ್ತವನು ಮಾರಿದ.”

“ಜಮೀನು?”

“ಐದಾರು ದಾಳಿಂಬೆ ಗಿಡ. ಅದಕ್ಕೋಸ್ಕರ ಬಂದಿಲ್ಲ ನಾನು.”

“ಮತ್ತೆ ಆ ಸುರಂಗಕ್ಕೂ ನಿಮಗೂ ಏನು ಸಂಬಂಧ? ನೀವು ಅದಕ್ಕೆ ಏನಾಗಬೇಕು?”

“ಹೆಂಡ್ತಿ.”

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಅಧಿಕಾರಿಯೂ ನಕ್ಕ. ನಾನು ನಗದೆ ನಿಂತಿದ್ದೆ. ಅವನ ನಗು ಒಬ್ಬಂಟಿಯಾಗಿ ಸ್ವಲ್ಪ ದೂರ ಹೋಗಿ ನಿಂತುಕೊಂಡಿತು.

“ಅದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ ತಾಯಿ.”

“ಕಾನೂನಲ್ಲಿ ಜಾಗ ಆಗೋವರೆಗೆ ಆ ಬೆಂಚಿನ ಮೇಲೆ ಜಾಗ ಇದೆಯಲ್ಲ,” ಎಂದು ಹೋಗಿ ಕೂತೆ. ರೊಟ್ಟಿ, ಚೀಸು, ಉಪ್ಪಿನಕಾಯಿ ಕಟ್ಟಿಕೊಂಡೇ ಹೋಗಿದ್ದೆ. ಬಂದ ಬಂದವರಿಗೆಲ್ಲ ಕಥೆ ಹೇಳಿದೆ, ಮೆಲ್ಲಗೇ ಹೇಳಿದೆ, ನನ್ನ ಮೆಲುದನಿ ಗೋಡೆಯಾಚೆಯ ಎರಡು ಕೋಣೆಗೆ ಕೇಳಿಸಿದರೆ ನಾನೇನು ಮಾಡಲಿ? ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಗುಮಾಸ್ತರೂ ಬಂದು ನಿಂತಿದ್ದರು. ಕರಾಮತ್ ಎದೆ ಮೇಲೆ ಕೈ ಇಟ್ಟ ಜಾಗಕ್ಕೆ ಒಬ್ಬ ಹೆಂಗಸು ಥೂ ಎಂದಳು. ನೋಡುವವರು ಚೆನ್ನಾಗಿದ್ದರು.

ಬಾಗಿಲು ಹಾಕುವ ಹೊತ್ತಿಗೆ ಆ ಅಧಿಕಾರಿ ಬಂದು ಬೆಂಚಿನ ತುದಿಯಲ್ಲಿ ಕೂತ. ನಗು ಪೂರ್ತಿ ಹೋಗಿತ್ತು.

“ಆ ಬಾವಿ ಸುರಂಗದಿಂದ ಎಷ್ಟು ದೂರ ಇದೆ ಅಂದ್ರಿ?”

“ನೀನೇ ಬಂದು ಅಳೆದು ನೋಡು ಮಗ.”

ಅವನು ಕೀಲಿ ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ಆಮೇಲೆ, “ನಾಳೆನೂ ಬರ್ತೀರಾ?” ಎಂದ.

“ಬರ್ತೀನಿ. ದಿನಾ ಬರ್ತೀನಿ. ನಾಡಿದ್ದು ಮಾತ್ರ ಆಗಲ್ಲ.”

“ನಾಡಿದ್ದು ಏನು?”

“ಮಂಗಳವಾರ ಕಣಪ್ಪ. ಮನೆಯವರು ಕಾಯ್ತಿರ್ತಾರೆ.”